ಮಳೆಗಾಲ ದಾಟುವ ಮನೆಸಾಮಾನು: ಶಿರಸಿ ಪೇಟೆಯಲ್ಲಿ ಮಣ್ಣು, ಹಿತ್ತಾಳೆ, ಬಿದಿರು ಕೊಳ್ಳುವ ಸಮಗ್ರ ಮಾರ್ಗದರ್ಶಿ

ಬಿಳಿ ಗೋಡೆ, ಕೆಂಪು ಮಣ್ಣಿನ ಹೂಜಿ, ಬೆತ್ತದ ಬುಟ್ಟಿ, ದಪ್ಪ ಹತ್ತಿಬಟ್ಟೆ, ಅಲ್ಲೊಂದು ಇಲ್ಲೊಂದು ನೀಲಿ ತಟ್ಟೆ. ಮೆಡಿಟರೇನಿಯನ್ ಶೈಲಿಯ ಮನೆ ಎಂದು ಚಿತ್ರಗಳಲ್ಲಿ ಕಾಣುವ ಸಾಮಾನು ಹೆಚ್ಚುಕಡಿಮೆ ಇಷ್ಟೆ. ಇದರಲ್ಲಿ ಬಹುಪಾಲು ಶಿರಸಿ ಪೇಟೆಯಲ್ಲೇ ಸಿಗುತ್ತದೆ. ಆದರೂ ಕೊಂಡವರ ದೂರು ಪ್ರತಿ ವರ್ಷ ಒಂದೇ: ಗಡಿಗೆ ಮೊದಲ ಸಾರಿಗೇ ಸೀಳಿತು, ಬುಟ್ಟಿಗೆ ಆಷಾಢದಲ್ಲಿ ಬೂಷ್ಟು ಬಂತು, ಹಿತ್ತಾಳೆ ತಂಬಿಗೆಯ ಹೊಳಪು ಹಕ್ಕಳೆ ಎದ್ದಿತು.

ಕಾರಣ ಹವೆಯಲ್ಲಿದೆ. ಗ್ರೀಸ್, ಇಟಲಿ, ಸ್ಪೇನಿನ ಕರಾವಳಿಯಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ನಮ್ಮಲ್ಲಿ ಸೆಕೆ ಮತ್ತು ಮಳೆ ಒಟ್ಟಿಗೇ ಬರುತ್ತವೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಒಣಗದ ಊರಿನಲ್ಲಿ ಸೆಣಬಿನ ಜಮಖಾನ, ಲಿನನ್ ಹೊದಿಕೆ, ವಾರ್ನಿಷ್ ಹೊಡೆದ ಮಣ್ಣಿನ ಪಾತ್ರೆ ಬಾಳುವುದಿಲ್ಲ. ಹಾಗಾಗಿ ಚಿತ್ರ ನೋಡಿ ಕೊಳ್ಳುವುದಕ್ಕಿಂತ ಒಂದು ಪ್ರಶ್ನೆ ಇಟ್ಟುಕೊಂಡು ಕೊಳ್ಳುವುದು ಮೇಲು: ಇದು ಹಾಳಾದರೆ, ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಸರಿಮಾಡಿ ಕೊಡುವವರು ಇದ್ದಾರೆಯೇ? ಪಾತ್ರೆಯ ಒಳಮೈಗೆ ತವರದ ಕಲಾಯಿ ಹಾಕುವವರು, ಬುಟ್ಟಿಯ ಅಂಚು ಕಟ್ಟುವವರು, ಹರಿದದ್ದನ್ನು ಹೊಲಿಯುವವರು ಇದ್ದರೆ ಕೊಳ್ಳಿ. ಇಲ್ಲವಾದರೆ ಎಷ್ಟೇ ‘ಪರಿಸರಸ್ನೇಹಿ’ ಎಂದು ಬರೆದಿದ್ದರೂ ಅದು ನಾಳಿನ ಕಸ.

ಹಂತ 1: ಮನೆಯಲ್ಲಿ ಅಳತೆ

ಮೊದಲು ಕಪಾಟಿನ ಆಳ, ಎರಡು ಹಲಗೆಗಳ ನಡುವಿನ ಎತ್ತರ, ಒಲೆಯ ಬರ್ನರ್‌ಗಳ ನಡುವಿನ ಅಂತರ ಅಳೆದು ಬರೆದುಕೊಳ್ಳಿ. ಮಣ್ಣಿನ ಗಡಿಗೆಯ ಹೊಟ್ಟೆ ಅದರ ಬಾಯಿಗಿಂತ ಎಷ್ಟೋ ಅಗಲ. ಬಾಯಿ ನೋಡಿ ತಂದ ಪಾತ್ರೆ ಪಕ್ಕದ ಬರ್ನರ್ ಮುಚ್ಚಿ ಕೂರುವುದು ತೀರಾ ಸಾಮಾನ್ಯ ತಪ್ಪು. ದುಂಡು ತಳದ್ದಾದರೆ ಕೂರಿಸಲು ಸಿಂಬೆಯೂ ಬೇಕು, ಅದನ್ನೂ ಪಟ್ಟಿಗೆ ಸೇರಿಸಿ.

ಇಂಡಕ್ಷನ್ ಒಲೆ ಮಾತ್ರ ಇರುವ ಮನೆಗೆ ಮಣ್ಣು, ಬಳಪದ ಕಲ್ಲು, ಹಿತ್ತಾಳೆ ಯಾವುದೂ ಅಡುಗೆಗೆ ಆಗದು, ಅದಕ್ಕೆ ಕಬ್ಬಿಣದ ತಳ ಬೇಕು. ಅಂಥವರು ನೀರಿನ ಹೂಜಿ, ಉಪ್ಪಿನಕಾಯಿ ಮರಿಗೆ, ಬುಟ್ಟಿಗಳಿಗೆ ನಿಲ್ಲಿಸಿದರೆ ದುಡ್ಡು ಉಳಿಯುತ್ತದೆ.

ಹಂತ 2: ಚೀಲಕ್ಕೆ ಏನು ಹಾಕಬೇಕು

ಅಳತೆ ಟೇಪು, ಹಳೆಯ ಸ್ಪೀಕರಿನ ಅಯಸ್ಕಾಂತದ ಚೂರು, ಅಂಗೈಯಗಲದ ಬಿಳಿ ಹತ್ತಿಬಟ್ಟೆ, ಅರ್ಧ ಲೀಟರ್ ನೀರು, ಸೂಜಿ, ಬೆಂಕಿಪೊಟ್ಟಣ, ಕಪ್ಪು ಕಾಗದದ ಒಂದು ಹಾಳೆ, ನಿಂಬೆಗಾತ್ರದ ಹುಣಸೆಹಣ್ಣು. ಜೊತೆಗೆ ಹಳೆಯ ಪತ್ರಿಕೆ, ನಾಲ್ಕು ಗೋಣಿಚೀಲ. ಗೋಣಿಚೀಲ ಮರೆತವರು ಕೊನೆಗೆ ಹತ್ತು ಪ್ಲಾಸ್ಟಿಕ್ ಕೊಟ್ಟೆ ಹಿಡಿದು ಮನೆಗೆ ಬರುತ್ತಾರೆ, ಅಲ್ಲಿಗೆ ಸುಸ್ಥಿರತೆಯ ಕಥೆ ಮುಗಿಯಿತು.

ಹಂತ 3: ದಿನ ಮತ್ತು ದಾರಿ

ಮಣ್ಣು, ಬಿದಿರಿನ ಸಾಮಾನಿಗೆ ಜನವರಿಯಿಂದ ಏಪ್ರಿಲ್ ಸರಿಯಾದ ಕಾಲ. ಬಿಸಿಲಿಗೆ ಒಣಗಿದ ಮಡಕೆ ಆವಿಗೆಯಲ್ಲಿ, ಅಂದರೆ ಕುಂಬಾರರು ಸುಡುವ ಗೂಡಿನಲ್ಲಿ, ಚೆನ್ನಾಗಿ ಬೇಯುತ್ತದೆ, ನೀವು ತಂದ ಮೇಲೆ ಪಳಗಿಸಲಿಕ್ಕೂ ಬಿಸಿಲು ಸಿಗುತ್ತದೆ. ಜೂನ್ ನಂತರ ಅಂಗಡಿಯಲ್ಲಿ ಉಳಿದದ್ದು ಬಹುಮಟ್ಟಿಗೆ ತೇವ ಹೀರಿದ ಮಾಲು.

ಶಿರಸಿಯ ವಾರದ ಸಂತೆ ಮಂಗಳವಾರ. ಬೆಳಿಗ್ಗೆ ಬೇಗ ಹೋಗಿ. ಬಿರುಕು, ಹುಳುಕು ಕಾಣಬೇಕಾದರೆ ಹಗಲು ಬೆಳಕೇ ಬೇಕು, ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಗಡಿಗೆಯೂ ಚಂದವೇ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲಿ ಆಯ್ಕೆ ಹೆಚ್ಚು ನಿಜ. ಆದರೆ ಆ ನೂಕುನುಗ್ಗಲಲ್ಲಿ ನೀರು ಸುರಿದು ನೋಡುವ ಪರೀಕ್ಷೆ ಸಾಧ್ಯವಿಲ್ಲ, ಮಾರಿದವರು ಮರುವಾರ ಇನ್ನೊಂದು ಊರಿನ ಜಾತ್ರೆಯಲ್ಲಿರುತ್ತಾರೆ. ಅಲಂಕಾರದ ಸಾಮಾನು ಅಲ್ಲಿ ಕೊಳ್ಳಿ, ಅಡುಗೆಯದ್ದು ಬೇಡ. ಕಾರವಾರದವರಿಗೆ ಭಾನುವಾರದ ಸಂತೆ ಇದೆ, ಅಲ್ಲಿಗೂ ಇದೇ ಕ್ರಮ.

ಗಾಡಿಯನ್ನು ಹೊರಗೇ ನಿಲ್ಲಿಸಿ. ದೇವಸ್ಥಾನದ ಸುತ್ತ, ಸಿ.ಪಿ. ಬಜಾರ, ಬಿಡಕಿಬೈಲು, ಶಿವಾಜಿ ಚೌಕ, ಎಲ್ಲವೂ ಕಾಲ್ನಡಿಗೆಯ ಪೇಟೆ. ಕೊಳ್ಳುವ ಅನುಕ್ರಮ ಹೀಗಿರಲಿ: ಮೊದಲು ಲೋಹ, ಆಮೇಲೆ ಬಟ್ಟೆ, ನಂತರ ಬಿದಿರು, ಕೊನೆಗೆ ಕಲ್ಲು ಮತ್ತು ಮಣ್ಣು. ಪಾತ್ರೆ ಅಂಗಡಿಯಲ್ಲಿ ತೂಗಿಸಿ, ದುಡ್ಡು ಕೊಟ್ಟು, ‘ಹೋಗುವಾಗ ಒಯ್ಯುತ್ತೇನೆ’ ಎಂದರೆ ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಾರೆ. ಬಟ್ಟೆ ಮೊದಲೇ ಕೊಂಡಿದ್ದರೆ ಮಡಕೆಗೆ ಅದೇ ಮೆತ್ತೆ. ಮಣ್ಣಿನದ್ದನ್ನು ಮೊದಲು ಕೊಂಡವರು ಮಿಕ್ಕ ಪೇಟೆಯನ್ನು ಗಡಿಗೆ ಕಾಯುವುದರಲ್ಲೇ ಸುತ್ತುತ್ತಾರೆ, ಅವಸರದಲ್ಲಿ ಲೋಹ ಪರೀಕ್ಷಿಸುವುದನ್ನೇ ಬಿಡುತ್ತಾರೆ.

ಹಂತ 4: ಹಿತ್ತಾಳೆ, ಕಂಚು, ತಾಮ್ರ

ಅಯಸ್ಕಾಂತವನ್ನು ಹೊಟ್ಟೆ, ತಳ, ಹಿಡಿಕೆ, ಮೂರೂ ಕಡೆ ತಾಗಿಸಿ. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಣ, ಅಯಸ್ಕಾಂತ ಹಿಡಿಯಬಾರದು. ಹಿಡಿದರೆ ಒಳಗೆ ಕಬ್ಬಿಣ, ಹೊರಗೆ ಲೇಪ. ಕರಾವಳಿಯ ಉಪ್ಪುಗಾಳಿಗೆ ಇಂಥದ್ದು ಒಂದೇ ಮಳೆಗಾಲದಲ್ಲಿ ತುಕ್ಕಿನ ಗುಳ್ಳೆ ಏಳುತ್ತದೆ.

ಆಮೇಲೆ ಹುಣಸೆಹಣ್ಣು. ಅಂಗಡಿಯವರನ್ನು ಕೇಳಿ, ತಳದ ಮೂಲೆಯಲ್ಲಿ ಒದ್ದೆ ಮಾಡಿದ ಹುಣಸೆಯಿಂದ ಅರ್ಧ ನಿಮಿಷ ಉಜ್ಜಿ. ಬರೀ ಹಿತ್ತಾಳೆಯಾದರೆ ಆ ಜಾಗ ಮಾತ್ರ ತಿಳಿಯಾಗಿ, ಚೂರು ನಸುಗೆಂಪಾಗಿ ತೆರೆದುಕೊಳ್ಳುತ್ತದೆ. ಏನೂ ಬದಲಾಗದೆ ನೀರು ಜಾರಿಹೋದರೆ ಮೇಲೆ ಲ್ಯಾಕರ್, ಅಂದರೆ ಹೊಳಪಿನ ಪಾರದರ್ಶಕ ಲೇಪ, ಇದೆ. ಲ್ಯಾಕರ್ ಹೊಡೆದದ್ದು ಹೂದಾನಿಗೆ ಸರಿ, ಕುಡಿಯುವ ನೀರಿಗೆ, ಒಲೆಗೆ ಬೇಡ. ಅದು ಹಕ್ಕಳೆ ಎದ್ದ ಮೇಲೆ ತೊಳೆದರೂ ಕಲೆ ಹೋಗುವುದಿಲ್ಲ, ಲೇಪ ಪೂರ್ತಿ ತೆಗೆಸಬೇಕು.

ಕಂಚು ಬೇರೆ ಮಾಲು: ತಾಮ್ರ ಸುಮಾರು 78 ಭಾಗ, ತವರ 22 ಭಾಗ. ಬಟ್ಟಲನ್ನು ಬೆರಳ ತುದಿಯಲ್ಲಿ ಹಗುರಾಗಿ ಹಿಡಿದು ನಾಣ್ಯದಿಂದ ತಟ್ಟಿ. ನಾದ ಎಳೆದುಕೊಂಡು ಹೋಗಬೇಕು. ನಡುವೆ ಜಿರ್ ಎಂದರೆ ಎಲ್ಲೋ ಸೀಳಿದೆ. ಕಂಚು ನೆಗ್ಗುವುದಿಲ್ಲ, ಬಿದ್ದರೆ ಒಡೆಯುತ್ತದೆ. ಹಾಗಾಗಿ ನೆಗ್ಗಿದ ‘ಕಂಚು’ ಕಂಡರೆ ಅದು ಕಂಚಲ್ಲ ಎಂದೇ ತಿಳಿಯಿರಿ.

ಹಳೆಯ ಪಾತ್ರೆಗಳು ತೂಕದ ಲೆಕ್ಕದಲ್ಲಿ ಸಿಗುತ್ತವೆ, ನಮ್ಮ ಮಟ್ಟಿಗೆ ಹೊಸದಕ್ಕಿಂತ ಇವೇ ಒಳ್ಳೆಯ ಖರೀದಿ. ತಗಡು ದಪ್ಪ, ಹೊಸ ಲೋಹ ಕರಗಿಸಬೇಕಾಗಿಲ್ಲ. ಒಳಗೆ ಇಣುಕಿ, ಪಾತ್ರೆಯನ್ನು ಬಿಸಿಲಿಗೆ ಹಿಡಿಯಿರಿ: ಸೂಜಿಮೊನೆಯ ಬೆಳಕು ಕಂಡರೆ ತೂತು. ಒಳಗಿನ ಬೆಳ್ಳನೆಯ ಕಲಾಯಿ ಸವೆದು ಹಳದಿ ಕಾಣುತ್ತಿದ್ದರೆ ಮರುಕಲಾಯಿ ಹಾಕಿಸುವ ತನಕ ಅದರಲ್ಲಿ ಅಪ್ಪೆಹುಳಿ, ಕೋಕಂ, ಮಜ್ಜಿಗೆಯ ತಂಬುಳಿ ಏನನ್ನೂ ಮಾಡಬೇಡಿ, ಹುಳಿಗೆ ಲೋಹ ಕರಗಿ ಬರುತ್ತದೆ. ಕಲಾಯಿಯೆಂದರೆ ತವರ, ಅದು 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಖಾಲಿ ಪಾತ್ರೆಯನ್ನು ಉರಿಯ ಮೇಲಿಟ್ಟು ಎಣ್ಣೆ ಹುಡುಕಲು ಹೋದರೆ ಸಾಕು, ಕಲಾಯಿ ಮಣಿಮಣಿಯಾಗಿ ತಳಕ್ಕೆ ಇಳಿಯುತ್ತದೆ. ಕಲಾಯಿ ಹಾಕುವವರು ಯಾರು, ಯಾವಾಗ ಬರುತ್ತಾರೆ ಎಂದು ಪಾತ್ರೆ ಕೊಂಡ ಅಂಗಡಿಯಲ್ಲೇ ಕೇಳಿಕೊಂಡು ಬನ್ನಿ.

ಹಂತ 5: ಬಟ್ಟೆ ಮತ್ತು ಕೌದಿ

ಪರದೆ, ಮೇಜಿನ ಹಾಸುಗಳ ಅಂಚಿನಿಂದ ಎರಡು ಎಳೆ ಬಿಡಿಸಿಕೊಂಡು ಸುಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆಯ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಬಣ್ಣದ ಮೇಲೆ ಒದ್ದೆ ಬಿಳಿಬಟ್ಟೆ ತಿಕ್ಕಿ ನೋಡಿ. ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಮೀಟರಿಗೆ 5ರಿಂದ 8 ಸೆಂ.ಮೀ. ಹೆಚ್ಚು ತೆಗೆದುಕೊಳ್ಳಿ, ಒಗೆದ ಮೇಲೇ ಹೊಲಿಸಿ.

ಜಮಖಾನ, ಹೊದಿಕೆಗೆ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಗಿಂತ ಸುಸ್ಥಿರವಾದದ್ದು ಇಲ್ಲ, ಅದು ಹಳೆಯ ಬಟ್ಟೆಯಿಂದಲೇ ಹುಟ್ಟುವ ವಸ್ತು. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರುತ್ತದೆ, ನಾಲ್ಕು ಮೂಲೆಯಲ್ಲಿ ಮಡಚಿದ ಬಟ್ಟೆಯ ‘ಫೂಲ್’ ಇರುತ್ತದೆ. ಮೆಷಿನ್ ಹೊಲಿಗೆಯದ್ದು ಬೇರೆ ಸರಕು. ಕೌದಿಯನ್ನು ಬೆಳಕಿಗೆ ಹಿಡಿದು ಸಾಲುಗಳ ಅಂತರ ನೋಡಿ: ಬೆರಳಗಲಕ್ಕಿಂತ ಹೆಚ್ಚಿದ್ದರೆ ಒಳಪದರ ಗಂಟುಕಟ್ಟುತ್ತದೆ. ಒದ್ದೆಯಾದ ಕೌದಿ ಬಹಳ ಭಾರ, ಬಿಸಿಲಿಲ್ಲದೆ ಒಣಗದು. ಕೊಂಡ ಕೂಡಲೇ, ಬೇಸಿಗೆಯಲ್ಲೇ, ಒಮ್ಮೆ ಒಗೆದುಬಿಡಿ.

ಹಂತ 6: ಬಿದಿರು, ಬೆತ್ತ, ನಾರು, ಮರ

ಬುಟ್ಟಿಯನ್ನು ಕಪ್ಪು ಕಾಗದದ ಮೇಲೆ ಬೋರಲು ಹಾಕಿ ನಾಲ್ಕು ಸಲ ತಟ್ಟಿ. ಹಿಟ್ಟಿನಂಥ ಹಳದಿ ಪುಡಿ ಬಿದ್ದರೆ ಕುಟ್ಟೆ ಹುಳ ಹಿಡಿದಿದೆ, ಮುಂದಿನ ಮಾತೇ ಬೇಡ. ಅದನ್ನು ಮನೆಗೆ ತಂದರೆ ಇರುವ ಬಿದಿರಿಗೂ ಹಬ್ಬುತ್ತದೆ. ಬಿದಿರಿನಲ್ಲಿರುವ ಪಿಷ್ಟಕ್ಕೆ ಆ ಹುಳ ಬರುವುದು, ಕಡಿದ ಬಿದಿರನ್ನು ನೀರಿನಲ್ಲಿ ನೆನೆಹಾಕಿ ಪಿಷ್ಟ ತೆಗೆದಿದ್ದರೆ ಬಾಳಿಕೆ ಹೆಚ್ಚು. ‘ನೆನೆಹಾಕಿದ ಬಿದಿರೋ, ಹಸಿದೋ?’ ಎಂದು ಕೇಳಿ, ಕಸುಬು ಗೊತ್ತಿದ್ದವರು ತಡವರಿಸದೆ ಹೇಳುತ್ತಾರೆ.

ಹೆಡಿಗೆ, ಗೆರಸಿ, ಹಣ್ಣಿನ ಬುಟ್ಟಿ ಯಾವುದೇ ಇರಲಿ, ಪ್ರಾಣ ಇರುವುದು ಬಾಯಂಚಿನಲ್ಲಿ. ಅಂಚನ್ನು ಬೆತ್ತದಿಂದ ಬಿಗಿದಿದ್ದರೆ ಸಡಿಲವಾದಾಗ ಮತ್ತೆ ಕಟ್ಟಿಸಬಹುದು. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದದ್ದು ಬಿಸಿಲಿಗೆ ಪುಡಿಯಾಗುತ್ತದೆ. ಎರಡು ಕೈಯಲ್ಲಿ ಎದುರುಬದುರು ಒತ್ತಿ: ಬುಟ್ಟಿ ಮರಳಿ ಗುಂಡಗಾಗಬೇಕು, ಕಟಕಟ ಅನ್ನಬಾರದು. ಬಣ್ಣ, ವಾರ್ನಿಷ್ ಹೊಡೆದದ್ದನ್ನು ಬಿಡಿ. ವಾರ್ನಿಷ್ ಸಂದಿಯೊಳಗೆ ಹೋಗುವುದಿಲ್ಲ, ತೇವ ಮಾತ್ರ ಹೋಗುತ್ತದೆ, ಹೊರಬರಲು ದಾರಿ ಸಿಗದೆ ಒಳಗೇ ಕಪ್ಪಾಗುತ್ತದೆ.

ಬೆತ್ತವೋ ಪ್ಲಾಸ್ಟಿಕ್ಕೋ ಎಂಬ ಅನುಮಾನಕ್ಕೆ ಕಡಿದ ತುದಿ ನೋಡಿ. ನಿಜವಾದ ಬೆತ್ತದಲ್ಲಿ ಸಣ್ಣ ರಂಧ್ರಗಳ ಜಾಲ ಕಾಣುತ್ತದೆ. ಕಾಯಿಸಿದ ಸೂಜಿ ಪ್ಲಾಸ್ಟಿಕ್ಕಿನೊಳಗೆ ಸಲೀಸಾಗಿ ಇಳಿಯುತ್ತದೆ, ಬೆತ್ತದಲ್ಲಿ ಕರಕಲು ಚುಕ್ಕೆ ಮಾತ್ರ ಬೀಳುತ್ತದೆ.

ಸೆಣಬಿನ ನೆಲಹಾಸಿನ ಬದಲು ತೆಂಗಿನ ನಾರಿನದ್ದು ತೆಗೆದುಕೊಳ್ಳಿ. ನಾರಿನಲ್ಲಿ ಮರವನ್ನು ಗಟ್ಟಿಯಾಗಿಸುವ ಲಿಗ್ನಿನ್ ಅಂಶ ಹೆಚ್ಚಿರುವುದರಿಂದ ಅದು ಸುಲಭಕ್ಕೆ ಕೊಳೆಯುವುದಿಲ್ಲ, ಉಪ್ಪುನೀರಿಗೂ ತಡೆಯುತ್ತದೆ. ಕೆಳಗೆ ರಬ್ಬರ್ ಅಂಟಿಸಿದ್ದು ಮಾತ್ರ ಬೇಡ.

ಮರದ ಸಟ್ಟುಗ, ಕರಟದ ಸೌಟು ಹೊಳೆಯದಿದ್ದಷ್ಟೂ ಒಳ್ಳೆಯದು. ಗುಡಿಗಾರರ ಕೆತ್ತನೆಯಲ್ಲಿ ಶಿವಣೆ ಮರದ್ದು ಮನೆಬಳಕೆಗೆ ಧಾರಾಳ ಸಾಕು. ಶ್ರೀಗಂಧದ್ದು ಎಂದರೆ ಪಕ್ಕಾ ಬಿಲ್ ಇಲ್ಲದೆ ಮುಟ್ಟಬೇಡಿ.

ಹಂತ 7: ಮಣ್ಣಿನ ಪಾತ್ರೆ

ಇಲ್ಲಿ ಅವಸರ ಮಾಡಬಾರದು. ಮೊದಲ ಪ್ರಶ್ನೆ: ‘ಅಕ್ಕಾ, ಇದು ಒಲೆಗೋ, ನೀರಿಗೋ?’ ಅಡುಗೆಯ ಗಡಿಗೆಯ ಮಣ್ಣಿಗೆ ಮರಳು ಹೆಚ್ಚು ಬೆರೆಸುತ್ತಾರೆ, ಅದಕ್ಕೇ ಅದು ಕಾವಿಗೆ ಹಿಗ್ಗಿ ಕುಗ್ಗಿದರೂ ತಾಳುತ್ತದೆ. ನೀರಿನ ಹೂಜಿ ಒಲೆಗೆ ಏರಿದರೆ ಸೀಳುತ್ತದೆ, ಅದು ಕುಂಬಾರರ ತಪ್ಪಲ್ಲ.

ನಂತರ ಪರೀಕ್ಷೆಗಳು, ಇದೇ ಸಾಲಿನಲ್ಲಿ.

ಬಾಯಂಚಿನಲ್ಲಿ ಎರಡು ಬೆರಳಿಂದ ಎತ್ತಿ ಹಿಡಿದು, ಇನ್ನೊಂದು ಕೈಯ ಗೆಣ್ಣಿನಿಂದ ಹೊಟ್ಟೆಗೆ ತಟ್ಟಿ. ಟಣ್ ಎನ್ನಬೇಕು. ಡಬ್ ಎಂದರೆ ಬಿರುಕಿದೆ, ಇಲ್ಲವೇ ಬೆಂದಿಲ್ಲ. ನೆಲದ ಮೇಲಿಟ್ಟು ತಟ್ಟಿದರೆ ಎಲ್ಲವೂ ಡಬ್ ಅನ್ನುತ್ತವೆ, ಎತ್ತಿಯೇ ತಟ್ಟಬೇಕು.

ಒದ್ದೆ ಹೆಬ್ಬೆರಳನ್ನು ಒಳಗೋಡೆಗೆ ಗಟ್ಟಿಯಾಗಿ ತಿಕ್ಕಿ. ಚೂರು ಕೆಮ್ಮಣ್ಣು ಹತ್ತಿದರೆ ಚಿಂತೆಯಿಲ್ಲ. ಅಂಟು ಮಣ್ಣು ಬಂದರೆ ಹಸಿ ಮಾಲು. ಬಿಳಿ ಬಟ್ಟೆಗೆ ಎಣ್ಣೆಯಂಥ ಕೆಂಪು ಅಂಟಿದರೆ, ಅಥವಾ ಮೂಗಿಗೆ ಬಣ್ಣದ ವಾಸನೆ ಬಂದರೆ, ಪೇಂಟು. ಹೊರಗೆ ನಾಲ್ಕು ಹನಿ ನೀರು ಬಿಟ್ಟು ನೋಡಿದರೂ ತಿಳಿಯುತ್ತದೆ: ಬರೀ ಮಣ್ಣು ನೀರನ್ನು ಕುಡಿದು ಗಾಢವಾಗುತ್ತದೆ, ಪೇಂಟಿನ ಮೇಲೆ ಹನಿ ಹಾಗೇ ನಿಲ್ಲುತ್ತದೆ. ಬೆವರದ ಹೂಜಿಯಲ್ಲಿ ನೀರು ತಂಪಾಗುವುದಿಲ್ಲ. ತಂಪು ಬರುವುದೇ ಆ ಬೆವರು ಆರುವುದರಿಂದ.

ಮೂರನೆಯದು ಕಣ್ಣಿನ ಕೆಲಸ. ಹೊರಮೈಯಲ್ಲಿ ಸಾಸಿವೆಗಾತ್ರದ ಬಿಳಿ ಕಾಳು ಕಾಣುತ್ತದೆಯೇ ನೋಡಿ. ಅದು ಮಣ್ಣಿನಲ್ಲಿ ಉಳಿದ ಸುಣ್ಣದ ಚೂರು. ಆವಿಗೆಯಲ್ಲಿ ಸುಟ್ಟು ಸುಣ್ಣವಾದದ್ದು ಆಮೇಲೆ ತೇವ ಹೀರಿ ಉಬ್ಬುತ್ತದೆ, ಮೇಲಿನ ಮಣ್ಣನ್ನು ಬಟ್ಟಲಿನಂತೆ ಎಗರಿಸಿ ಗುಳಿ ಮಾಡುತ್ತದೆ. ಅಂಗಡಿಯಲ್ಲಿ ಗಟ್ಟಿಯಿದ್ದ ಗಡಿಗೆ ವಾರದ ಮೇಲೆ ಸೋರಲು ಇದೂ ಒಂದು ಕಾರಣ. ಒಂದೆರಡು ಹೊರಗಿದ್ದರೆ ಹೂಕುಂಡಕ್ಕೆ ಆದೀತು, ಒಳಗಿದ್ದರೆ ಬೇಡ. ಇದಕ್ಕೆ ವಿರುದ್ಧವಾಗಿ, ಹೊಟ್ಟೆಯ ಮೇಲಿನ ಕರಿ ಮಚ್ಚೆಗೆ ಜನ ಹೆದರಿ ಪಕ್ಕಕ್ಕಿಡುತ್ತಾರೆ. ಅದು ಆವಿಗೆಯ ಹೊಗೆ ತಾಗಿದ ಗುರುತು ಅಷ್ಟೆ, ದೋಷವಲ್ಲ. ಅಂಥದ್ದನ್ನು ಚೌಕಾಸಿ ಮಾಡಿ ಕೊಳ್ಳುವವರೇ ಜಾಣರು.

ಕೊನೆಗೆ ನೀರು. ಪಾತ್ರೆಗೆ ಕಾಲುಭಾಗ ಸುರಿದು, ಓರೆ ಮಾಡಿ ಸುತ್ತ ಉರುಳಿಸಿ, ಪತ್ರಿಕೆಯ ಮೇಲೆ 5 ನಿಮಿಷ ಇಡಿ. ಮೈಯೆಲ್ಲ ಸಮನಾಗಿ ತೇವವಾದರೆ ಸಹಜ. ಒಂದೇ ಗೆರೆಯಲ್ಲಿ ಗಾಢ ಬಣ್ಣ ಓಡಿದರೆ ಕೂದಲೆಳೆಯ ಬಿರುಕು. ಕಾಯಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.

ಹಂತ 8: ಬಳಪದ ಕಲ್ಲು ಮತ್ತು ನೀಲಿ ತಟ್ಟೆ

ಬಳಪದ ಕಲ್ಲಿನ ಮರಿಗೆಯನ್ನು ಎಣ್ಣೆ ಬಳಿಯದ, ಬೂದುಬಣ್ಣದ ಸ್ಥಿತಿಯಲ್ಲೇ ಕೇಳಿ. ಕರ್ರಗೆ ಎಣ್ಣೆ ಹಚ್ಚಿದ್ದರಲ್ಲಿ ಬಿರುಕು, ಮೇಣ ತುಂಬಿದ ಜಾಗ ಕಾಣುವುದಿಲ್ಲ. ತಳಕ್ಕೆ ಉಗುರಿಂದ ಗೀರಿದರೆ ಬಿಳಿ ಪುಡಿ ಬರಬೇಕು. ಬಾರದಿದ್ದರೆ ಬೇರೆ ಕಲ್ಲು.

ನೀಲಿ ಚಿತ್ತಾರದ ತಟ್ಟೆಗಳ ವಿಷಯದಲ್ಲಿ ಎಚ್ಚರ ಬೇಕು. ಇಟಲಿಯ ಸಾಂಪ್ರದಾಯಿಕ ಮಯೋಲಿಕಾ ಮಣ್ಣಿನ ಪಾತ್ರೆಗಳ ಮೆರುಗಿನಲ್ಲೇ ಸೀಸ ಇರುತ್ತಿತ್ತು, ಅದರ ಅಗ್ಗದ ನಕಲುಗಳಲ್ಲೂ ಇರಬಹುದು. ಜೈಪುರದ ನೀಲಿ ಪಾತ್ರೆ ಮಣ್ಣಿನದ್ದೇ ಅಲ್ಲ, ಸ್ಫಟಿಕ ಶಿಲೆಯ ಪುಡಿಯದ್ದು, ಬಿಸಿ ಊಟಕ್ಕೆ ಹೇಳಿದ್ದಲ್ಲ. ‘ಆಹಾರಕ್ಕೆ ಯೋಗ್ಯ, ಸೀಸರಹಿತ’ ಎಂಬ ಗುರುತು ಇಲ್ಲದ್ದನ್ನು ಗೋಡೆಗೆ ತೂಗುಹಾಕಿ, ಉಪ್ಪಿನಕಾಯಿ ಬಡಿಸಬೇಡಿ. ಹುಳಿ, ಉಪ್ಪು, ಎಣ್ಣೆ ಒಟ್ಟಿಗೆ ನಿಲ್ಲುವ ಪದಾರ್ಥಕ್ಕೆ ಕಲ್ಲಿನ ಮರಿಗೆಯೇ ಸರಿ.

ಹಂತ 9: ಕಟ್ಟು ಮತ್ತು ಘಾಟಿ

ಮಡಕೆಯೊಳಗೆ ಬಟ್ಟೆ ತುಂಬಿ, ಹೊರಗೆ ಗೋಣಿ ಸುತ್ತಿ, ಬಾಯಿ ಮೇಲಾಗಿ ನಿಲ್ಲಿಸಿ. ಒಂದರೊಳಗೊಂದು ಇಡುವುದಾದರೆ ನಡುವೆ ಪತ್ರಿಕೆಯ ನಾಲ್ಕು ಪದರ ಇರಲಿ. ದೇವಿಮನೆ ಘಾಟಿ ಇಳಿದು ಕುಮಟಾ, ಕಾರವಾರಕ್ಕೆ ಹೋಗುವವರು ಭಾರದ ಲೋಹವನ್ನು ಡಿಕ್ಕಿಯ ಒಂದು ಪಕ್ಕಕ್ಕೆ, ಮಣ್ಣನ್ನು ಸೀಟಿನ ಕೆಳಗೆ ಕಾಲ ಬಳಿ ಇಡಿ. ತಿರುವಿನಲ್ಲಿ ಉರುಳಿ ಬಂದ ಹಿತ್ತಾಳೆ ಹಂಡೆಗೆ ಗಡಿಗೆ ಎದುರು ನಿಲ್ಲದು.

ಹಂತ 10: ಮೊದಲ ಎರಡು ವಾರ

ಮಣ್ಣಿನ ಗಡಿಗೆಯನ್ನು ಬರೀ ನೀರಿನಲ್ಲಿ ತೊಳೆದು 24 ತಾಸು ಮುಳುಗಿಸಿ, ನೆರಳಲ್ಲಿ ಒಣಗಿಸಿ. ಮುಕ್ಕಾಲು ಭಾಗ ಅಕ್ಕಿ ತೊಳೆದ ನೀರು ಅಥವಾ ಗಂಜಿತಿಳಿ ತುಂಬಿ, ತೀರಾ ಸಣ್ಣ ಉರಿಯಲ್ಲಿ 30ರಿಂದ 40 ನಿಮಿಷ ಕಾಯಿಸಿ, ಒಲೆಯ ಮೇಲೇ ತಣಿಯಲು ಬಿಡಿ. ಹೀಗೆ ಎರಡು ಮೂರು ದಿನ. ಗಂಜಿಯ ಪಿಷ್ಟ ಸೂಕ್ಷ್ಮ ರಂಧ್ರಗಳನ್ನು ತುಂಬುತ್ತದೆ. ಗ್ಯಾಸ್ ಒಲೆಯಾದರೆ ನಡುವೆ ಕಬ್ಬಿಣದ ಕಾವಲಿ ಇಡಿ, ಉರಿ ಒಂದೇ ಕಡೆ ನಾಟುವುದಿಲ್ಲ. ಬಿಸಿ ಗಡಿಗೆಯನ್ನು ಒದ್ದೆ ಕಡಪಾ ಕಲ್ಲಿನ ಮೇಲೆ ಇಟ್ಟ ಕ್ಷಣವೇ ತಳ ಸೀಳುತ್ತದೆ, ಸಿಂಬೆ ಇರುವುದೇ ಅದಕ್ಕೆ. ಸೋಪು ಬೇಡ, ಮಣ್ಣು ಅದನ್ನು ಹೀರಿ ಮುಂದಿನ ಸಾರಿಗೆ ಬಿಡುತ್ತದೆ. ಬೂದಿ ಅಥವಾ ಕಡಲೆಹಿಟ್ಟು, ತೆಂಗಿನ ನಾರು ಸಾಕು.

ಕಲ್ಲಿನ ಪಾತ್ರೆಗೆ ಇನ್ನೂ ತಾಳ್ಮೆ ಬೇಕು. ಒಳಹೊರಗೆ ಎಣ್ಣೆ, ಅರಿಶಿನ ಸವರಿ ಮೂರು ದಿನ ಇಡಿ. ತೊಳೆದು, ಐದಾರು ದಿನ ದಿನಕ್ಕೊಮ್ಮೆ ಬಿಸಿ ಗಂಜಿ ತುಂಬಿ ತಣಿಸಿ. ಆಮೇಲಷ್ಟೇ ನೀರು ತುಂಬಿ ಸಣ್ಣ ಉರಿಗೆ. ನೇರ ದೊಡ್ಡ ಉರಿಗೆ ಇಟ್ಟ ಕಲ್ಲು ಸೀಳುವುದು ಖಚಿತ.

ಮಳೆಗಾಲದಲ್ಲಿ ಮಣ್ಣಿನ ಪಾತ್ರೆಯನ್ನು ಮುಚ್ಚಳ ಹಾಕಿ ಇಡಬೇಡಿ, ಅಡುಗೆ ಮುಗಿದ ಒಲೆಯ ಕಾವಿಗೆ ಬೋರಲು ಹಾಕಿ. ಬಿಳಿ ಬೂಷ್ಟು ಬಂದರೆ ನಾರಿನಿಂದ ತಿಕ್ಕಿ, ಒಮ್ಮೆ ನೀರು ಕುದಿಸಿ ಚೆಲ್ಲಿ. ಕಪ್ಪು ಬೂಷ್ಟು ಒಳಕ್ಕಿಳಿದು ಹಳಸಿದ ವಾಸನೆ ನಿಂತರೆ ಅಡುಗೆಯಿಂದ ಹೊರಗಿಡಿ. ಬುಟ್ಟಿಗಳನ್ನು ಗೋಡೆಗೆ ತಾಗಿಸದೆ ತೂಗುಹಾಕಿ. ಹದಿನೈದು ದಿನಕ್ಕೊಮ್ಮೆ ಬುಟ್ಟಿಯ ಕೆಳಗೆ ಕಪ್ಪು ಕಾಗದ ಹಿಡಿದು ತಟ್ಟಿ. ಪುಡಿ ಕಂಡ ಬುಟ್ಟಿಯನ್ನು ಅಂದೇ ಬೇರೆಮಾಡಿ, ಕುದಿಯುವ ನೀರು ಸುರಿದು, ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಎರಡು ವಾರ ಹೊಗೆಗೆ ಬಿಡಿ. ಅಟ್ಟವಿಲ್ಲದ ಮನೆಯವರು ಬಚ್ಚಲ ಹಂಡೆಯ ಒಲೆಯ ಹತ್ತಿರ ತೂಗಿದರೂ ನಡೆಯುತ್ತದೆ.